ಹನ್ನೊಂದು ತಿಂಗಳ ಅಗ್ರಿಮೆಂಟು, ಆರು ತಿಂಗಳ ಸ್ಟಾಂಪ್ ಪೇಪರ್: ಡಿಗ್ರಿ ಮೊದಲ ವರ್ಷಕ್ಕೆ ಕಾನೂನಿನ ಪರಿಚಯ

ಕಾಲೇಜು ಶುರುವಾಗುವ ಹೊತ್ತಿಗೆ ಶಿವಮೊಗ್ಗದ ಆಲ್ಕೊಳ ಸರ್ಕಲ್ ಸುತ್ತಮುತ್ತ ರೂಮು ಹುಡುಕುವವರು ಹೆಚ್ಚುತ್ತಾರೆ. ಸೊರಬ, ಹೊಸನಗರ, ತೀರ್ಥಹಳ್ಳಿ ಕಡೆಯಿಂದ ಬಂದ ಹುಡುಗರು, ಅವರ ಹಿಂದೆ ಚೀಲ ಹಿಡಿದ ಅಪ್ಪ ಅಮ್ಮಂದಿರು. ಕಳೆದ ವರ್ಷ ನಮಗೆ ಗೊತ್ತಿದ್ದ ಹುಡುಗನೊಬ್ಬನ ಜೊತೆ ನಾವೂ ಹೋಗಿದ್ದೆವು. ಮನೆ ಮಾಲೀಕರು ಒಳ್ಳೆಯವರೇ, ಕೂರಿಸಿ ಕಾಫಿ ಕೊಟ್ಟರು. "ಅಗ್ರಿಮೆಂಟ್ ಹನ್ನೊಂದೇ ತಿಂಗಳಿಗೆ ಮಾಡ್ಕೊಳ್ಳೋಣ ಸಾರ್. ಒಂದು ವರ್ಷ ದಾಟಿದ್ರೆ ಬಾಡಿಗೆಯವರಿಗೇ ಮನೆ ಮೇಲೆ ಹಕ್ಕು ಬಂದ್ಬಿಡುತ್ತೆ" ಅಂದರು. ಬೀರುವಿನಿಂದ ಹಳೆಯದೊಂದು ಸ್ಟಾಂಪ್ ಪೇಪರ್ ತೆಗೆದು, ತಾರೀಖು ನೋಡಿ, "ಆರು ತಿಂಗಳು ಮೀರಿದೆ, ಎಕ್ಸ್‌ಪೈರ್ ಆಗಿದೆ, ಹೊಸದು ತರಬೇಕು" ಅಂದರು. ಹೊಸದು ಬಂದ ಮೇಲೆ ಹುಡುಗನ ಕೈಗೆ ಪೆನ್ನು ಕೊಟ್ಟು, "ಸೈನ್ ಮಾಡಪ್ಪ" ಅಂದರು.

ಹುಡುಗನಿಗೆ ಆಗ 17 ವರ್ಷ 10 ತಿಂಗಳು.

ಮಾಲೀಕರು ಹೇಳಿದ ಎರಡು ಮಾತು, ಮಾಡಿಸಲು ಹೊರಟ ಒಂದು ಕೆಲಸ, ಮೂರರಲ್ಲೂ ಕಾನೂನಿನ ದೃಷ್ಟಿಯಿಂದ ತಪ್ಪಿತ್ತು. ನಮ್ಮ ಡಿಗ್ರಿ ಕಾಲೇಜುಗಳಲ್ಲಿ ಈಗ ಸಂವಿಧಾನದ ಪಾಠ ಕಡ್ಡಾಯವಾಗಿದೆ. ಪ್ರಸ್ತಾವನೆ, ಮೂಲಭೂತ ಹಕ್ಕುಗಳು, ರಾಷ್ಟ್ರಪತಿಯ ಅಧಿಕಾರ ಎಲ್ಲವನ್ನೂ ಓದಿ ಪಾಸಾಗುತ್ತಾರೆ. ಆದರೆ ಕಾನೂನಿನ ಜೊತೆ ವಿದ್ಯಾರ್ಥಿಯ ನಿಜವಾದ ಮೊದಲ ಭೇಟಿ ನಡೆಯುವುದು ಇಂಥ ಮನೆಯ ಜಗಲಿಯಲ್ಲಿ. ಹಾಗಾಗಿ ನಾವು ಅಲ್ಲಿಂದಲೇ ಶುರುಮಾಡುತ್ತೇವೆ.

ಮೊದಲು ಸಹಿಯ ವಿಚಾರ. 1872ರ ಭಾರತೀಯ ಕರಾರು ಕಾಯ್ದೆಯ 11ನೇ ಕಲಮಿನ ಪ್ರಕಾರ ಕರಾರು ಮಾಡಿಕೊಳ್ಳುವವರು ಪ್ರಾಪ್ತ ವಯಸ್ಕರಾಗಿರಬೇಕು, ಅಂದರೆ 18 ತುಂಬಿರಬೇಕು. ತುಂಬದವರು ಮಾಡಿಕೊಂಡ ಕರಾರು ಮೊದಲಿನಿಂದಲೇ ಅಸಿಂಧು ಎಂದು ಪ್ರಿವಿ ಕೌನ್ಸಿಲ್ 1903ರಲ್ಲಿ ಮೊಹೊರಿ ಬೀಬಿ ಪ್ರಕರಣದಲ್ಲಿ ಹೇಳಿತು. ಕಾನೂನು ಕಾಲೇಜುಗಳಲ್ಲಿ ಕರಾರಿನ ಪಾಠದಲ್ಲಿ ಇಂದಿಗೂ ಹೇಳಿಕೊಡುವ ತೀರ್ಪು ಅದು. ಆ ಹುಡುಗ ಸಹಿ ಹಾಕಿದ್ದರೆ ಆ ಅಗ್ರಿಮೆಂಟಿನ ಆಧಾರದ ಮೇಲೆ ಮಾಲೀಕರು ಅವನ ಮೇಲೆ ದಾವೆ ಹೂಡುವಂತಿರಲಿಲ್ಲ. ಹಾಗೆಂದು ಎಲ್ಲವೂ ಪುಕ್ಕಟೆ ಎಂದಲ್ಲ. ಬದುಕಿಗೆ ಅಗತ್ಯವಾದುದನ್ನು ಒದಗಿಸಿದವರು ಅದರ ಹಣವನ್ನು ಅಪ್ರಾಪ್ತರ ಆಸ್ತಿಯಿಂದ ಪಡೆಯಬಹುದು ಎಂದು ಅದೇ ಕಾಯ್ದೆಯ 68ನೇ ಕಲಮು ಹೇಳುತ್ತದೆ. ಆಸ್ತಿಯೇ ಇಲ್ಲದ ಹುಡುಗನಿಂದ ಏನು ಪಡೆಯುತ್ತಾರೆ ಎನ್ನುವುದು ಬೇರೆ ಪ್ರಶ್ನೆ.

ಇನ್ನು ಹನ್ನೊಂದು ತಿಂಗಳು. ಈ ಲೆಕ್ಕ ಬಂದಿರುವುದು ಬಾಡಿಗೆದಾರರ ಹಕ್ಕಿನ ಕಾನೂನಿನಿಂದಲ್ಲ, 1908ರ ನೋಂದಣಿ ಕಾಯ್ದೆಯಿಂದ. ಅದರ 17ನೇ ಕಲಮಿನ ಪ್ರಕಾರ ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯ, ಅಥವಾ ವರ್ಷದಿಂದ ವರ್ಷಕ್ಕೆ ಮುಂದುವರಿಯುವ ಗುತ್ತಿಗೆಯನ್ನು ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಲೇಬೇಕು. ಆ ಓಡಾಟ, ಆ ಶುಲ್ಕ ಬೇಡವೆಂದು ಜನ ಹನ್ನೊಂದು ತಿಂಗಳಿಗೆ ನಿಲ್ಲಿಸಿದರು. ಇಷ್ಟೇ ಕಥೆ. ಹನ್ನೆರಡನೇ ತಿಂಗಳು ಬಾಡಿಗೆದಾರ ಮನೆಯ ಒಡೆಯನಾಗುವುದಿಲ್ಲ. ಹನ್ನೊಂದನೇ ತಿಂಗಳು ಮುಗಿದ ಮರುದಿನ ಮಾಲೀಕರು ಬಾಗಿಲಿಗೆ ಬೇರೆ ಬೀಗ ಹಾಕಿ ಸಾಮಾನು ಹೊರಗಿಡುವಂತೆಯೂ ಇಲ್ಲ. ನೋಟಿಸು ಕೊಟ್ಟು, ಬಿಡದಿದ್ದರೆ ನ್ಯಾಯಾಲಯದ ಮೂಲಕವೇ ಬಿಡಿಸಬೇಕು. ಪಿ.ಜಿ. ಮತ್ತು ಹಾಸ್ಟೆಲ್‌ಗಳ ಲೆಕ್ಕ ಸಾಮಾನ್ಯವಾಗಿ ಬೇರೆ. ಅಲ್ಲಿ ಸಿಗುವುದು ಗುತ್ತಿಗೆಯಲ್ಲ, ಇರಲು ಕೊಟ್ಟ ಅನುಮತಿ ಮಾತ್ರ, ಹಾಗಾಗಿ ರಕ್ಷಣೆಯೂ ಕಡಿಮೆ. ನೋಟರಿ ಮುದ್ರೆ ಬಿದ್ದರೆ ನೋಂದಣಿ ಆದಂತೆ ಎಂದು ನಂಬಿದವರೂ ಇದ್ದಾರೆ. ಅವೆರಡೂ ಬೇರೆ ಬೇರೆ ಕೆಲಸಗಳು.

ಸ್ಟಾಂಪ್ ಪೇಪರಿಗೆ ಆರು ತಿಂಗಳ ಆಯುಸ್ಸು ಎನ್ನುವ ನಂಬಿಕೆಯಂತೂ ಊರೂರಲ್ಲಿದೆ, ಕೆಲವು ಬರಹಗಾರರ ಅಂಗಡಿಗಳಲ್ಲೂ ಇದೆ. 1899ರ ಸ್ಟಾಂಪ್ ಕಾಯ್ದೆಯ 54ನೇ ಕಲಮು ಹೇಳುವುದು ಇಷ್ಟು: ಕೊಂಡ ಸ್ಟಾಂಪ್ ಬಳಕೆಯಾಗದೆ ಉಳಿದರೆ, ಆರು ತಿಂಗಳೊಳಗೆ ವಾಪಸು ಕೊಟ್ಟು ಹಣ ಕೇಳಬಹುದು. ಅವಧಿ ಇರುವುದು ಹಣ ವಾಪಸಿಗೆ, ಕಾಗದಕ್ಕಲ್ಲ. 2008ರಲ್ಲಿ ತಿರುವೆಂಗಡ ಪಿಳ್ಳೈ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿದೆ. ಆದರೆ ತೆಲಗಿ ಹಗರಣದ ನಂತರ ನಮ್ಮ ರಾಜ್ಯದಲ್ಲಿ ಹಳೆಯ ಛಾಪಾ ಕಾಗದ ಹೋಗಿ ಇ-ಸ್ಟಾಂಪ್ ಬಂದಿದೆ, ಅದರ ಮೇಲೆ ಎರಡೂ ಕಡೆಯವರ ಹೆಸರು ಅಚ್ಚಾಗಿರುತ್ತದೆ. ಆ ಮಾಲೀಕರ ಬೀರುವಿನಲ್ಲಿದ್ದದ್ದು ಬಾರದೇ ಹೋದ ಇನ್ನೊಬ್ಬ ಬಾಡಿಗೆದಾರನ ಹೆಸರಿನದು. ಅದನ್ನು ಬಳಸದೆ ಬಿಟ್ಟಿದ್ದು ಸರಿಯೇ, ಕೊಟ್ಟ ಕಾರಣ ಮಾತ್ರ ತಪ್ಪು.

ಕಾನೂನು ಎಲ್ಲಿಂದ ಬರುತ್ತದೆ?

ಇದಕ್ಕೆ ಉತ್ತರ ಹುಡುಕಲು ಶಿವಮೊಗ್ಗದವರು ದೆಹಲಿಯವರೆಗೆ ಹೋಗಬೇಕಿಲ್ಲ. ಸುಮಾರು 70 ಕಿಲೋಮೀಟರ್ ದೂರದ ಸಾಗರ, ಅದರ ಹತ್ತಿರದ ಕಾಗೋಡು ಸಾಕು. 1951ರಲ್ಲಿ ಅಲ್ಲಿನ ಗೇಣಿದಾರ ರೈತರು ಸತ್ಯಾಗ್ರಹ ಹೂಡಿದರು. ಜಗಳದ ನಡುವೆ ಇದ್ದದ್ದು ಒಂದು ಕೊಳಗ. ಗೇಣಿಯ ಭತ್ತ ಅಳೆಯುವ ಕೊಳಗ ಎಷ್ಟು ಸೇರಿನದು ಎನ್ನುವುದನ್ನು ಒಡೆಯರೇ ತೀರ್ಮಾನಿಸುತ್ತಿದ್ದರು, ಅದು ದೊಡ್ಡದಾದಷ್ಟೂ ಗೇಣಿ ಹೆಚ್ಚುತ್ತಿತ್ತು. ಎಲ್ಲರಿಗೂ ಒಂದೇ ಅಳತೆಯ ಕೊಳಗ ಬೇಕು ಎನ್ನುವುದು ರೈತರ ಬೇಡಿಕೆಗಳಲ್ಲಿ ಮುಖ್ಯವಾದದ್ದು. ಎಚ್. ಗಣಪತಿಯಪ್ಪ, ಶಾಂತವೇರಿ ಗೋಪಾಲಗೌಡರು ಹೋರಾಟದಲ್ಲಿದ್ದರು. ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಕಾನೂನು ಎಂದರೇನು ಎಂದು ಯಾರಾದರೂ ಕೇಳಿದರೆ ನಾವು ಈ ಕೊಳಗವನ್ನೇ ತೋರಿಸುತ್ತೇವೆ. ಅಳೆಯುವವನ ಮರ್ಜಿಯಂತೆ ಹಿಗ್ಗದ, ಎರಡೂ ಕಡೆಯವರಿಗೆ ಮೊದಲೇ ಗೊತ್ತಿರುವ ಅಳತೆ.

ಮರುವರ್ಷವೇ ಗೋಪಾಲಗೌಡರು ಶಾಸಕರಾಗಿ ವಿಧಾನಸಭೆಗೆ ಹೋದರು. ಬೀದಿಯಿಂದ ಸದನಕ್ಕೆ ಹೋದ ಪ್ರಶ್ನೆ ಕಾಯ್ದೆಯಾಗಿ ಹೊಲದವರೆಗೆ ಬರಲು ಎರಡು ದಶಕಕ್ಕೂ ಹೆಚ್ಚು ಕಾಲ ಹಿಡಿಯಿತು. 1961ರ ಭೂಸುಧಾರಣಾ ಕಾಯ್ದೆಗೆ ದೇವರಾಜ ಅರಸು ಸರ್ಕಾರ ತಂದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದಾಗ, ಗೇಣಿಯಲ್ಲಿದ್ದ ಜಮೀನುಗಳೆಲ್ಲ ಆ ದಿನದಿಂದ ಸರ್ಕಾರಕ್ಕೆ ಸೇರಿದವು. ಉಳುವವರು ಅರ್ಜಿ ಹಾಕಿ ಅದನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕಿತ್ತು. ಆ ಅರ್ಜಿಯ ಹೆಸರೇ ಫಾರಂ ನಂಬರ್ 7. ಮಲೆನಾಡಿನ ಹಿರಿಯರಿಗೆ ಇದನ್ನು ವಿವರಿಸಬೇಕಿಲ್ಲ.

ಇಲ್ಲಿ ಮೊದಲ ವರ್ಷದವರು ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ಕಾಯ್ದೆ ಹಕ್ಕನ್ನು ಕೊಟ್ಟಿತು, ಆದರೆ ಹಕ್ಕು ತಾನಾಗಿ ಮನೆಗೆ ಬರಲಿಲ್ಲ. ಅರ್ಜಿಗೆ ಕೊನೆಯ ದಿನ ಇತ್ತು, ಅದನ್ನು ಮುಂದೂಡುತ್ತ ಬಂದು 1979ರ ಜೂನ್ 30ಕ್ಕೆ ನಿಲ್ಲಿಸಿದರು. ಒಡೆಯರ ದಾಕ್ಷಿಣ್ಯಕ್ಕೋ, ಹೆದರಿಕೆಗೋ, ವಿಷಯವೇ ತಿಳಿಯದೆಯೋ ಅರ್ಜಿ ಹಾಕದೆ ಉಳಿದವರಿಗೆ ಆ ದಾರಿ ಮುಚ್ಚಿತು. ವಕೀಲರು ಹಕ್ಕು ಏನು ಎನ್ನುವುದರಷ್ಟೇ ಕಾಳಜಿಯಿಂದ ವಿಧಾನ ಏನು, ಗಡುವು ಯಾವಾಗ ಎಂದು ಕೇಳುವುದು ಇದಕ್ಕೇ.

ಅದೇ ಕಾಯ್ದೆಯಲ್ಲಿ ಇನ್ನೊಂದು ಪಾಠವೂ ಇದೆ. ಅರ್ಜಿಗಳ ವಿಚಾರಣೆಗೆ ಭೂ ನ್ಯಾಯಮಂಡಳಿಗಳು ರಚನೆಯಾದವು, ಅಲ್ಲಿ ವಕೀಲರು ಬರಬಾರದು ಎಂದು ಕಾಯ್ದೆಯ 48ನೇ ಕಲಮಿನಲ್ಲಿ ಬರೆದರು. ಒಡೆಯರು ದೊಡ್ಡ ವಕೀಲರನ್ನು ತಂದರೆ ಬಡ ಗೇಣಿದಾರ ಏನು ಮಾಡಬೇಕು? ಉದ್ದೇಶ ಚೆನ್ನಾಗಿಯೇ ಇತ್ತು. ಆದರೆ 1987ರಲ್ಲಿ ಶ್ರೀನಿವಾಸ ರಾಘವಾಚಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ಉಪಕಲಮನ್ನು ರದ್ದು ಮಾಡಿತು. ವಕೀಲಿ ವೃತ್ತಿಯ ಹಕ್ಕಿನ ಬಗ್ಗೆ ಕಾನೂನು ಮಾಡುವ ಅಧಿಕಾರ ಸಂಸತ್ತಿನದು, ರಾಜ್ಯದ ಶಾಸಕಾಂಗದ್ದಲ್ಲ ಎನ್ನುವುದು ಕಾರಣ. ಕೇಂದ್ರ ಪಟ್ಟಿ, ರಾಜ್ಯ ಪಟ್ಟಿ, ಸಮವರ್ತಿ ಪಟ್ಟಿ ಎಂದು ಪರೀಕ್ಷೆಗೆ ಬಾಯಿಪಾಠ ಮಾಡುತ್ತೀರಲ್ಲ, ಆ ಪಟ್ಟಿಗಳು ಸಾಗರದ ಗೇಣಿದಾರನ ವಿಚಾರಣೆಯವರೆಗೂ ಕೈ ಚಾಚುತ್ತವೆ.

ಯಾವ ಕೋರ್ಟು, ಎಷ್ಟು ನ್ಯಾಯಮೂರ್ತಿಗಳು

ಭದ್ರಾವತಿಯಂಥ ತಾಲ್ಲೂಕು ಕೇಂದ್ರದ ಸಿವಿಲ್ ನ್ಯಾಯಾಲಯ, ಅದರ ಮೇಲೆ ಶಿವಮೊಗ್ಗದ ಜಿಲ್ಲಾ ಮತ್ತು ಸೆಷನ್ಸ್ ನ್ಯಾಯಾಲಯ, ಮೇಲೆ ಹೈಕೋರ್ಟ್, ಎಲ್ಲಕ್ಕೂ ಮೇಲೆ ಸುಪ್ರೀಂ ಕೋರ್ಟ್. ಏಣಿ ಇಷ್ಟೇ. ಕರ್ನಾಟಕ ಹೈಕೋರ್ಟಿಗೆ ಬೆಂಗಳೂರಲ್ಲದೆ ಧಾರವಾಡ, ಕಲಬುರಗಿಗಳಲ್ಲೂ ಪೀಠಗಳಿವೆ. ನಮ್ಮ ಜಿಲ್ಲೆ ಬೆಂಗಳೂರಿಗೆ ಸೇರಿದ್ದು. ಸಾಗರದವರು ಬೆಂಗಳೂರಿಗೆ ಹೋಗಬೇಕು, ಪಕ್ಕದ ಸಿದ್ದಾಪುರದವರು ಉತ್ತರ ಕನ್ನಡದವರಾದ್ದರಿಂದ ಧಾರವಾಡಕ್ಕೆ. ಕೆಳಗಿನ ನ್ಯಾಯಾಲಯಗಳಲ್ಲಿ ಕನ್ನಡ ನಡೆಯುತ್ತದೆ. ಹೈಕೋರ್ಟು, ಸುಪ್ರೀಂ ಕೋರ್ಟುಗಳ ಭಾಷೆ ಸಂವಿಧಾನದ 348ನೇ ವಿಧಿಯಂತೆ ಇಂಗ್ಲಿಷ್. ಕನ್ನಡ ಮಾಧ್ಯಮದಲ್ಲಿ ಓದಿದ ಎಷ್ಟೋ ಮಕ್ಕಳು ಎಲ್‌ಎಲ್‌.ಬಿ. ಎಂದರೆ ಹಿಂಜರಿಯುವುದಕ್ಕೆ ಇದೂ ಒಂದು ಕಾರಣ ಎಂದು ನಮ್ಮ ಅನಿಸಿಕೆ. ಜಿಲ್ಲಾ ಮಟ್ಟದಲ್ಲಿ ಚೆನ್ನಾಗಿ ಕೆಲಸ ಮಾಡುವ ವಕೀಲರಿಗೆ ಕನ್ನಡವೇ ದೊಡ್ಡ ಬಲ ಎನ್ನುವುದನ್ನು ಅವರಿಗೆ ಯಾರೂ ಹೇಳುವುದಿಲ್ಲ.

ಏಣಿಗಿಂತ ಕುತೂಹಲದ ಸಂಗತಿ, ಒಂದೇ ಸುಪ್ರೀಂ ಕೋರ್ಟ್ ತನ್ನ ಮಾತನ್ನೇ ಬದಲಿಸುವುದು. ಕರ್ನಾಟಕದ ವಿದ್ಯಾರ್ಥಿಗಳಿಗೆ ಇದರ ನೇರ ಅನುಭವವಿದೆ, ಗೊತ್ತಿಲ್ಲ ಅಷ್ಟೇ. 1991ರಲ್ಲಿ ಉತ್ತರ ಪ್ರದೇಶದ ಮೀರತ್‌ನ ಮೋಹಿನಿ ಜೈನ್ ತುಮಕೂರಿನ ಖಾಸಗಿ ವೈದ್ಯಕೀಯ ಕಾಲೇಜಿನಲ್ಲಿ ಸೀಟು ಕೇಳಿದರು. ಆಗ ರಾಜ್ಯ ಸರ್ಕಾರದ ಅಧಿಸೂಚನೆಯ ಪ್ರಕಾರ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಕರ್ನಾಟಕದ ಇತರ ವಿದ್ಯಾರ್ಥಿಗಳಿಗೆ 25,000, ಹೊರರಾಜ್ಯದವರಿಗೆ 60,000. ಅವರು ಸುಪ್ರೀಂ ಕೋರ್ಟಿಗೆ ಹೋದರು. 1992ರ ಜುಲೈನಲ್ಲಿ ಇಬ್ಬರು ನ್ಯಾಯಮೂರ್ತಿಗಳ ಪೀಠ, ಶಿಕ್ಷಣ ಮೂಲಭೂತ ಹಕ್ಕು, ಕ್ಯಾಪಿಟೇಷನ್ ಶುಲ್ಕ ಸಲ್ಲದು ಎಂದಿತು. ಅವರಿಗೆ ಮಾತ್ರ ಸೀಟು ಸಿಗಲಿಲ್ಲ. ಅವರದು ಅರ್ಹತೆಯ ಪಟ್ಟಿಯಿಂದ ಬಂದ ಪ್ರವೇಶವಲ್ಲ, ತರಗತಿಗಳೂ ಆಗಲೇ ಶುರುವಾಗಿವೆ ಎಂದು ನ್ಯಾಯಾಲಯ ಆ ಬೇಡಿಕೆಯನ್ನು ಒಪ್ಪಲಿಲ್ಲ. ಕೇಸು ಗೆದ್ದರೂ ಸೀಟು ಸಿಗದ ಈ ತೀರ್ಪನ್ನು ಓದಿದಾಗಲೆಲ್ಲ ನಮಗೆ ಪೆಚ್ಚೆನಿಸುತ್ತದೆ.

ಆರೇಳು ತಿಂಗಳಲ್ಲಿ, 1993ರ ಫೆಬ್ರವರಿಯಲ್ಲಿ, ಉನ್ನಿಕೃಷ್ಣನ್ ಪ್ರಕರಣದಲ್ಲಿ ಐವರ ಪೀಠ ಅದನ್ನು ತಿದ್ದಿತು. 14 ವರ್ಷದವರೆಗೆ ಶಿಕ್ಷಣ ಮೂಲಭೂತ ಹಕ್ಕು, ಅಲ್ಲಿಂದ ಮುಂದೆ ಸರ್ಕಾರದ ಆರ್ಥಿಕ ಶಕ್ತಿಗೆ ಬಿಟ್ಟದ್ದು ಎಂದಿತು. ಖಾಸಗಿ ವೃತ್ತಿಶಿಕ್ಷಣ ಕಾಲೇಜುಗಳ ಸೀಟುಗಳನ್ನು ಫ್ರೀ ಸೀಟು, ಪೇಮೆಂಟ್ ಸೀಟು ಎಂದು ವಿಂಗಡಿಸುವ ಯೋಜನೆಯನ್ನೂ ಕೊಟ್ಟಿತು. ಆ ಎರಡು ಪದಗಳು ನಮ್ಮ ಮನೆಮಾತಾದದ್ದು, 1994ರಲ್ಲಿ ರಾಜ್ಯದಲ್ಲಿ ಸಿಇಟಿ ಘಟಕ ಶುರುವಾದದ್ದು ಈ ತೀರ್ಪಿನ ಬೆನ್ನಿಗೇ. 2002ರಲ್ಲಿ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ 11 ನ್ಯಾಯಮೂರ್ತಿಗಳ ಪೀಠ ಕೂತು, ಆ ಯೋಜನೆ ಸರಿಯಲ್ಲ, ಖಾಸಗಿ ಸಂಸ್ಥೆಗಳಿಗೆ ಹೆಚ್ಚು ಸ್ವಾತಂತ್ರ್ಯ ಇರಬೇಕು ಎಂದಿತು. ಇಬ್ಬರು, ಐವರು, ಹನ್ನೊಂದು ಜನ. ದೊಡ್ಡ ಪೀಠದ ಮಾತು ಚಿಕ್ಕ ಪೀಠವನ್ನು ಕಟ್ಟಿಹಾಕುತ್ತದೆ. ಆದ್ದರಿಂದ ಯಾರಾದರೂ ವಾಟ್ಸ್‌ಆ್ಯಪ್‌ನಲ್ಲಿ "ಸುಪ್ರೀಂ ಕೋರ್ಟ್ ಹೀಗೆ ಹೇಳಿದೆ" ಎಂದು ಕಳಿಸಿದರೆ ಯಾವ ವರ್ಷ, ಎಷ್ಟು ಜನರ ಪೀಠ, ಆಮೇಲೆ ಏನಾಯಿತು ಎಂದು ಕೇಳಿ. ನಮ್ಮ ಅನುಭವದಲ್ಲಿ ಅರ್ಧ ಸಂದೇಶಗಳು ಮೊದಲ ಪ್ರಶ್ನೆಗೇ ಬಿದ್ದುಹೋಗುತ್ತವೆ.

ಸ್ಟೇಷನ್ನಿಗೆ ಹೋಗುವುದೋ, ಕೋರ್ಟಿಗೋ?

ರೂಮು ಖಾಲಿ ಮಾಡುವಾಗ ಅಡ್ವಾನ್ಸ್ ಹಣ ವಾಪಸು ಬರಲಿಲ್ಲ ಎಂದುಕೊಳ್ಳಿ. ಹುಡುಗರು ಸಾಮಾನ್ಯವಾಗಿ ಪೊಲೀಸ್ ಠಾಣೆಗೆ ಹೋಗುತ್ತಾರೆ, ಅಲ್ಲಿ "ಇದು ಸಿವಿಲ್ ಮ್ಯಾಟರ್" ಎಂಬ ಉತ್ತರ ಬರುತ್ತದೆ. ಹೆಚ್ಚಿನ ಸಲ ಆ ಉತ್ತರ ಸರಿಯಾಗಿಯೇ ಇರುತ್ತದೆ. ಇಬ್ಬರ ನಡುವಿನ ಹಣ, ಕರಾರು, ಆಸ್ತಿಯ ವಿವಾದ ಸಿವಿಲ್. ಅಲ್ಲಿ ಯಾರೂ ಜೈಲಿಗೆ ಹೋಗುವುದಿಲ್ಲ, ಹಣ ಕೊಡಿಸಬೇಕು ಅಷ್ಟೇ. ಇಂಥ ಬಾಕಿಗೆ ದಾವೆ ಹೂಡಲು ಸಾಮಾನ್ಯವಾಗಿ ಮೂರು ವರ್ಷ ಕಾಲಾವಕಾಶವಿದೆ. ಸಮಾಜದ ವಿರುದ್ಧದ ತಪ್ಪು ಎಂದು ಸರ್ಕಾರವೇ ಮುಂದೆ ನಿಂತು ನಡೆಸುವುದು ಕ್ರಿಮಿನಲ್ ಮೊಕದ್ದಮೆ. ಅಡ್ವಾನ್ಸ್ ಕೇಳಲು ಹೋದವನ ಕೆನ್ನೆಗೆ ಬಿದ್ದರೆ ಸಿವಿಲ್ ಜೊತೆಗೆ ಕ್ರಿಮಿನಲ್ಲೂ ಶುರುವಾಗುತ್ತದೆ.

ಕ್ರಿಮಿನಲ್ ಕಾನೂನಿನ ಪುಸ್ತಕಗಳು ಈಗ ಬದಲಾಗಿವೆ. 2024ರ ಜುಲೈ 1ರಿಂದ ಭಾರತೀಯ ದಂಡ ಸಂಹಿತೆಯ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆ, ದಂಡ ಪ್ರಕ್ರಿಯಾ ಸಂಹಿತೆಯ ಜಾಗದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಸಾಕ್ಷ್ಯ ಕಾಯ್ದೆಯ ಜಾಗದಲ್ಲಿ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿವೆ. ಕೊಲೆಯ 302 ಈಗ 103. ವಂಚನೆಯ 420 ಈಗ 318ರೊಳಗೆ ಸೇರಿದೆ, ಆದರೂ ನಮ್ಮ ಮಾತಿನಲ್ಲಿ "ಫೋರ್ ಟ್ವೆಂಟಿ" ಇನ್ನೂ ಬಹಳ ಕಾಲ ಬದುಕಿರುತ್ತದೆ. ಶಿವಮೊಗ್ಗದವರಿಗೆ ಚೆನ್ನಾಗಿ ಪರಿಚಯವಿರುವ 144ನೇ ಸೆಕ್ಷನ್ ಈಗ 163. ಹಳೆಯ ಸಂಹಿತೆಯ ಕಾಲದಲ್ಲಿ ನಡೆದ ಅಪರಾಧಕ್ಕೆ ಹಳೆಯ ಕಲಮೇ ಅನ್ವಯಿಸುವುದರಿಂದ ಕೋರ್ಟಿನಲ್ಲಿ ಎರಡೂ ಪುಸ್ತಕಗಳು ಅಕ್ಕಪಕ್ಕ ಇರುತ್ತವೆ.

ಎಫ್‌ಐಆರ್ ಬಗ್ಗೆ ಇರುವಷ್ಟು ತಪ್ಪು ತಿಳಿವಳಿಕೆ ಬೇರೆ ಯಾವುದರ ಬಗ್ಗೆಯೂ ಇಲ್ಲ. ಘಟನೆ ನಡೆದ ಜಾಗದ ಠಾಣೆಗೇ ಹೋಗಬೇಕು ಎನ್ನುವುದು ತಪ್ಪು. ಸಂಜ್ಞೇಯ ಅಪರಾಧವಾದರೆ ಯಾವ ಠಾಣೆಯಲ್ಲಾದರೂ ಮಾಹಿತಿ ಕೊಡಬಹುದು ಎಂದು ಹೊಸ ಸಂಹಿತೆಯ 173ನೇ ಕಲಮು ಹೇಳುತ್ತದೆ, ಇದನ್ನೇ ಝೀರೋ ಎಫ್‌ಐಆರ್ ಎನ್ನುವುದು. ದಾಖಲಾದ ಮಾಹಿತಿಯ ಪ್ರತಿಯನ್ನು ದೂರುದಾರರಿಗೆ ಪುಕ್ಕಟೆ ಕೊಡಬೇಕು. ಠಾಣಾಧಿಕಾರಿ ದಾಖಲಿಸಿಕೊಳ್ಳದಿದ್ದರೆ ಅದನ್ನು ಬರೆದು ಅಂಚೆಯಲ್ಲಿ ಎಸ್‌ಪಿಗೆ ಕಳಿಸಬಹುದು, ಅದೂ ಫಲಿಸದಿದ್ದರೆ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹಾಕಬಹುದು.

ಇನ್ನೊಂದು ಭಯ: "ಎಫ್‌ಐಆರ್ ಆಯ್ತು ಅಂದ್ರೆ ಸರ್ಕಾರಿ ಕೆಲಸ ಹೋಯ್ತು." ಬಸ್‌ಸ್ಟ್ಯಾಂಡಿನಲ್ಲೋ ಕಾಲೇಜು ಗೇಟಿನಲ್ಲೋ ನಡೆದ ಹೊಡೆದಾಟದಲ್ಲಿ ಹೆಸರು ಬಂದ ಹುಡುಗರನ್ನು ವರ್ಷಗಟ್ಟಲೆ ಕೊರೆಯುವ ಭಯ ಇದು. ಎಫ್‌ಐಆರ್ ಎನ್ನುವುದು ತನಿಖೆಯ ಆರಂಭ, ತೀರ್ಪಲ್ಲ. 2016ರಲ್ಲಿ ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮೂವರ ಪೀಠ ಇದನ್ನು ವಿವರವಾಗಿ ನೋಡಿತು. ಸಣ್ಣ ವಯಸ್ಸಿನಲ್ಲಿ ಘೋಷಣೆ ಕೂಗಿದಂಥ ಚಿಲ್ಲರೆ ಪ್ರಕರಣವನ್ನು ಉದ್ಯೋಗದಾತರು ಕಡೆಗಣಿಸಬಹುದು, ಗಂಭೀರ ಪ್ರಕರಣದಲ್ಲಿ ನಿರಾಕರಿಸಬಹುದು, ವಿವೇಚನೆ ಅವರದು. ಆದರೆ ಅರ್ಜಿಯಲ್ಲಿ ನಿರ್ದಿಷ್ಟವಾಗಿ ಕೇಳಿದ ಮಾಹಿತಿಯನ್ನು ಸತ್ಯವಾಗಿ ಕೊಡಲೇಬೇಕು. ಹುಡುಗರು ಸಾಮಾನ್ಯವಾಗಿ ಮಾಡುವುದು ಇದಕ್ಕೆ ತದ್ವಿರುದ್ಧ. ಸಣ್ಣ ಕೇಸನ್ನು ಮುಚ್ಚಿಡುತ್ತಾರೆ, ಪೊಲೀಸ್ ವೆರಿಫಿಕೇಷನ್ನಿನಲ್ಲಿ ಅದು ಹೊರಬೀಳುತ್ತದೆ, ಆಗ ಕೆಲಸಕ್ಕೆ ಕುತ್ತು ತರುವುದು ಆ ಸಣ್ಣ ಕೇಸಿಗಿಂತ ಹೆಚ್ಚಾಗಿ ಅದನ್ನು ಮುಚ್ಚಿಟ್ಟದ್ದು. 18 ತುಂಬುವ ಮೊದಲು ನಡೆದ ತಪ್ಪಾದರೆ ಬಾಲನ್ಯಾಯ ಕಾಯ್ದೆಯ 24ನೇ ಕಲಮಿನ ರಕ್ಷಣೆಯಿದೆ. 16 ದಾಟಿದವರು ಘೋರ ಅಪರಾಧ ಮಾಡಿದ್ದರ ಹೊರತು ಅದು ಮುಂದೆ ಅನರ್ಹತೆ ಆಗುವುದಿಲ್ಲ.

ಬೈಕಿನ ವಿಚಾರದಲ್ಲಿ ಮಾತ್ರ 18ರ ಗೆರೆ ಅಪ್ಪ ಅಮ್ಮಂದಿರ ಮೇಲೆ ಬೀಳುತ್ತದೆ. 2019ರ ತಿದ್ದುಪಡಿಯ ನಂತರ, ಅಪ್ರಾಪ್ತರು ಗಾಡಿ ಓಡಿಸಿ ತಪ್ಪು ಮಾಡಿದರೆ ಪೋಷಕರಿಗೆ ಅಥವಾ ಗಾಡಿಯ ಮಾಲೀಕರಿಗೆ ಮೂರು ವರ್ಷದವರೆಗೆ ಸೆರೆವಾಸ ಮತ್ತು 25,000 ರೂಪಾಯಿ ದಂಡದ ಅವಕಾಶವಿದೆ. ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ. ಪಿಯುಸಿ ಪಾಸಾದದ್ದಕ್ಕೆ ಅಣ್ಣನ ಬೈಕಿನ ಕೀಲಿ ಕೊಡುವ ಮನೆಯವರಿಗೆ ಈ ಲೆಕ್ಕ ಗೊತ್ತಿರಲಿ.

ಕಾಲೇಜಿನ ವಿಷಯಕ್ಕೆ ಬಂದರೆ, ಮೂಲ ಅಂಕಪಟ್ಟಿ ಇಟ್ಟುಕೊಂಡು "ಕೋರ್ಸ್ ಮುಗಿದ ಮೇಲೆ ಕೊಡುತ್ತೇವೆ" ಎನ್ನುವುದು ಹಳೆಯ ರೂಢಿ. ಮೂಲ ಪ್ರಮಾಣಪತ್ರಗಳನ್ನು ಪರಿಶೀಲಿಸಿ ವಾಪಸು ಕೊಡಬೇಕು, ಇಟ್ಟುಕೊಳ್ಳುವಂತಿಲ್ಲ ಎಂದು ಯುಜಿಸಿ 2018ರಲ್ಲಿ ಅಧಿಸೂಚನೆ ಹೊರಡಿಸಿದೆ. ರ‍್ಯಾಗಿಂಗ್ ವಿರುದ್ಧ ಯುಜಿಸಿಯ 2009ರ ನಿಯಮಗಳಿವೆ, ಅದಕ್ಕೂ ಮೊದಲೇ ಕರ್ನಾಟಕ ಶಿಕ್ಷಣ ಕಾಯ್ದೆ ರ‍್ಯಾಗಿಂಗನ್ನು ಶಿಕ್ಷಾರ್ಹ ಅಪರಾಧ ಎಂದಿದೆ. ಕಾಲೇಜಿನ ಒಳಗೇ ಮುಗಿಸಿಕೊಳ್ಳಿ ಎಂದು ಯಾರಾದರೂ ಹೇಳಿದರೆ, ಅದು ಸಲಹೆಯೇ ಹೊರತು ಕಾನೂನಲ್ಲ.

ಹಣವಿಲ್ಲದವರು ಏನು ಮಾಡಬೇಕು?

ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎನ್ನುವ ಗಾದೆ ನಮ್ಮಲ್ಲಿ ಸುಮ್ಮನೆ ಹುಟ್ಟಿಲ್ಲ. ಜಮೀನು ವ್ಯಾಜ್ಯಗಳಲ್ಲಿ ಅಜ್ಜ ಹೂಡಿದ ದಾವೆ ಮೊಮ್ಮಗ ಮುಗಿಸಿದ ಮನೆಗಳನ್ನು ನಾವೂ ಕಂಡಿದ್ದೇವೆ. ಆದರೆ ವಕೀಲರಿಗೆ ಕೊಡಲು ಹಣವಿಲ್ಲದವರಿಗೆ ಬಾಗಿಲೇ ಇಲ್ಲ ಎನ್ನುವುದು ಈಗ ನಿಜವಲ್ಲ. 1976ರ 42ನೇ ತಿದ್ದುಪಡಿ ಸಂವಿಧಾನಕ್ಕೆ 39ಎ ವಿಧಿಯನ್ನು ಸೇರಿಸಿತು. ಅದರಂತೆ ಬಂದ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ 1995ರ ನವೆಂಬರ್ 9ರಿಂದ ಜಾರಿಯಲ್ಲಿದೆ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಬಂಧನದಲ್ಲಿರುವವರು ಇವರಿಗೆಲ್ಲ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ. ಉಳಿದವರಿಗೆ ಆದಾಯದ ಮಿತಿಯಿದೆ. ಮೊದಲ ವರ್ಷದ ಹುಡುಗಿ ಶ್ರೀಮಂತರ ಮಗಳೇ ಆಗಿದ್ದರೂ ಈ ಸೇವೆಗೆ ಅರ್ಹಳು ಎನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಶಿವಮೊಗ್ಗದಲ್ಲಿದೆ, ತಾಲ್ಲೂಕುಗಳಲ್ಲಿ ಅದರ ಸಮಿತಿಗಳಿವೆ, 15100 ಸಹಾಯವಾಣಿ ಇದೆ. ಅಡ್ವಾನ್ಸ್ ಹಣದಂಥ ಸಣ್ಣ ವಿವಾದವನ್ನು ದಾವೆ ಹೂಡುವ ಮೊದಲೇ ಲೋಕ ಅದಾಲತ್ತಿಗೆ ತರಬಹುದು. ಅಲ್ಲಿ ಕೋರ್ಟ್ ಶುಲ್ಕವಿಲ್ಲ. ಎರಡೂ ಕಡೆಯವರು ಒಪ್ಪಿದರೆ ಆ ತೀರ್ಮಾನಕ್ಕೆ ಸಿವಿಲ್ ನ್ಯಾಯಾಲಯದ ಡಿಕ್ರಿಯ ಬಲ ಬರುತ್ತದೆ, ಅದರ ಮೇಲೆ ಅಪೀಲು ಇಲ್ಲ. ಒಪ್ಪದಿದ್ದರೆ ಮಾಮೂಲಿ ಕೋರ್ಟಿನ ದಾರಿ ಹೇಗೂ ಇದೆ.

ಆಲ್ಕೊಳದ ಅಗ್ರಿಮೆಂಟಿಗೆ ಕೊನೆಗೆ ಹುಡುಗನ ಅಮ್ಮ ಸಹಿ ಹಾಕಿದರು, ಬಾಡಿಗೆದಾರರೂ ಅವರೇ ಎಂದು ಬರೆಸಿದೆವು. ಕೊಟ್ಟ ಅಡ್ವಾನ್ಸ್ ಎಷ್ಟು, ಯಾವಾಗ ವಾಪಸು, ಬಣ್ಣ ಬಳಿಯಲು ಎಷ್ಟು ಹಿಡಿಯುತ್ತಾರೆ ಎನ್ನುವ ಮೂರು ಸಾಲು ಸೇರಿಸಲು ಹೇಳಿದಾಗ ಮಾಲೀಕರ ಮುಖ ಸ್ವಲ್ಪ ಸಣ್ಣದಾಯಿತು. "ನಂಬಿಕೆ ಇಲ್ವಾ ಸಾರ್?" ಅಂದರು. ನಂಬಿಕೆ ಇದೆ, ಆದರೆ ಮರೆತುಹೋಗಬಾರದಲ್ಲ ಅಂದೆವು. ಅದಕ್ಕೆ ಅವರೂ ನಕ್ಕು ಬರೆದುಕೊಟ್ಟರು. ಎರಡು ಜೆರಾಕ್ಸ್ ಮಾಡಿಸಿ ಒಂದನ್ನು ಅಮ್ಮನ ಚೀಲದಲ್ಲಿ, ಇನ್ನೊಂದನ್ನು ಹುಡುಗನ ಅಂಕಪಟ್ಟಿಯ ಫೈಲಿನಲ್ಲಿ ಇಟ್ಟು ಬಸ್ಸಿಗೆ ಹೊರಟೆವು.